ವೀಲ್‌ಚೇರ್‌ನಲ್ಲಿ ದೇಶ ಸುತ್ತುವುದು: ಚರ್ಮ, ಮೂತ್ರ, ಮಲ, ಗಾಲಿ

ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟ್ ಏರಿದರು. ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಬೆನ್ನುಹುರಿಗೆ ಪೆಟ್ಟಾಯಿತು. ಮುಂದಿನ ಬದುಕು ವೀಲ್‌ಚೇರ್‌ನಲ್ಲಿ. ಆ ಬದುಕಿನಲ್ಲೇ ಅವರು 1994ರಲ್ಲಿ ತಂಡ ಕಟ್ಟಿಕೊಂಡು ಮಧ್ಯ ಏಷ್ಯಾದ ಹಳೆಯ ರೇಷ್ಮೆ ದಾರಿಯಲ್ಲಿ ಹೋಗಿಬಂದರು, ದೆಹಲಿಯಲ್ಲಿ ಬೆನ್ನುಹುರಿ ಪೆಟ್ಟಿನವರಿಗಾಗಿಯೇ ಆಸ್ಪತ್ರೆ ಕಟ್ಟಿದರು. ಕೆನಡಾದ ರಿಕ್ ಹ್ಯಾನ್ಸೆನ್‌ಗೆ ಅಪಘಾತವಾದಾಗ 15 ವರ್ಷ. 1985ರ ಮಾರ್ಚ್‌ನಿಂದ 1987ರ ಮೇವರೆಗೆ ಅವರು 34 ದೇಶಗಳಲ್ಲಿ 40,000 ಕಿಲೋಮೀಟರ್ ಗಾಲಿ ತಳ್ಳಿದರು. ನಮಗೆ ಇನ್ನೂ ಹತ್ತಿರದವರು ವೆಲ್ಲೂರಿನ ಡಾ. ಮೇರಿ ವರ್ಗೀಸ್. 1954ರ ಕಾರು ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಹೋದ ಮೇಲೆ ಕುಷ್ಠರೋಗಿಗಳ ಕೈಗಳಿಗೆ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು, ಪರ್ತ್‌ಗೂ ನ್ಯೂಯಾರ್ಕ್‌ಗೂ ಹೋಗಿ ಕಲಿತು ಬಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪುನರ್ವಸತಿ ವಿಭಾಗ ಕಟ್ಟಿದರು. ಕರ್ನಾಟಕದಿಂದ ಈಗಲೂ ಎಷ್ಟೋ ಮಂದಿ ಅಲ್ಲಿಗೆ ಹೋಗುತ್ತಾರೆ.

ಇಂಥವರ ಮಾತು ಬಂದಾಗಲೆಲ್ಲ ನಾವು ಧೈರ್ಯವನ್ನೇ ಹೊಗಳುತ್ತೇವೆ. ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅವರ ಪ್ರಶ್ನೆಗಳೇ ಬೇರೆ: ಹತ್ತು ಗಂಟೆ ವಿಮಾನದಲ್ಲಿ ಮೂತ್ರಕ್ಕೆ ಏನು ಮಾಡುವುದು? ಹುಣ್ಣಾಗದ ಹಾಗೆ ಕೂರುವುದು ಹೇಗೆ? ಗಾಲಿ, ಅಂದರೆ ವೀಲ್‌ಚೇರ್, ಮುರಿದರೆ ಯಾರು ಕೊಡುತ್ತಾರೆ? ಚರ್ಮ, ಮೂತ್ರ, ಮಲ, ಗಾಲಿ ಈ ನಾಲ್ಕನ್ನು ಮನೆಯಲ್ಲೇ ಹತೋಟಿಗೆ ತಂದುಕೊಂಡವರು ಜಗತ್ತಿನ ಯಾವ ಮೂಲೆಗಾದರೂ ಹೋಗಬಹುದು. ಒಂದು ಸಡಿಲವಾಗಿದ್ದರೂ ಪಕ್ಕದ ಜಿಲ್ಲೆಯ ಮದುವೆಗೆ ಹೋಗಿ ಬರುವುದೂ ಕಷ್ಟ. ಇಲ್ಲಿ ಬರೆದಿರುವುದು ಬೆನ್ನುಹುರಿ ಪೆಟ್ಟಿನವರಿಗೆ. ಪಾರ್ಶ್ವವಾಯುವಿನಿಂದ ಒಂದು ಬದಿ ಬಿದ್ದುಹೋದವರಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯಿಸುತ್ತದೆ.

ಹೊರಡುವ ಮೊದಲು ಮನೆಯಲ್ಲಿ

ಮೊದಲು ಕೂರುವ ತಾಕತ್ತು ಬೆಳೆಸಿಕೊಳ್ಳಬೇಕು. ತಿಂಗಳುಗಟ್ಟಲೆ ಮಲಗಿದ್ದ ಚರ್ಮಕ್ಕೆ ಕೂತು ಅಭ್ಯಾಸವಿರುವುದಿಲ್ಲ. ಒಂದು ಗಂಟೆಯಿಂದ ಶುರುಮಾಡಿ, ಹಾಸಿಗೆಗೆ ಮರಳಿದ ಕೂಡಲೇ ಕೂರುವ ಮೂಳೆಗಳ ಜಾಗ, ಬಾಲಮೂಳೆ, ತೊಡೆಯ ಹೊರಬದಿ, ಹಿಮ್ಮಡಿ ನೋಡಿ. ಕನ್ನಡಿಗಿಂತ ಮೊಬೈಲ್ ಕ್ಯಾಮೆರಾ ಸುಲಭ. ನಿನ್ನೆಯ ಫೋಟೋ ಪಕ್ಕದಲ್ಲಿಟ್ಟು ಹೋಲಿಸಲೂ ಆಗುತ್ತದೆ. ಕೆಂಪು ಅರ್ಧ ಗಂಟೆಯೊಳಗೆ ಮಾಯವಾದರೆ ಮರುದಿನ ಅರ್ಧ ಗಂಟೆ ಹೆಚ್ಚು ಕೂರಬಹುದು. ಮಾಯವಾಗದಿದ್ದರೆ ಮತ್ತೆ ಕಡಿಮೆ ಮಾಡಿ.

ನಮ್ಮ ಮೈಬಣ್ಣದಲ್ಲಿ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ ಎಂಬುದನ್ನು ಮರೆಯಬಾರದು. ಕಪ್ಪು, ಕಂದು ಚರ್ಮದಲ್ಲಿ ಹುಣ್ಣಿನ ಮೊದಲ ಹಂತ ಸ್ವಲ್ಪ ನೇರಳೆಯಾಗಿಯೋ ಸುತ್ತಲಿಗಿಂತ ಕಪ್ಪಾಗಿಯೋ ಇರುತ್ತದೆ, ಕೆಲವೊಮ್ಮೆ ಕಣ್ಣಿಗೆ ಬೀಳುವುದೇ ಇಲ್ಲ. ಆಗ ಕೈಯೇ ಕಣ್ಣು: ಸುತ್ತಲಿಗಿಂತ ಬಿಸಿಯಿದೆಯೇ, ಗಟ್ಟಿಯಿದೆಯೇ, ಊದಿದೆಯೇ ಎಂದು ಮುಟ್ಟಿ ನೋಡಿ. ಸ್ಪರ್ಶಜ್ಞಾನ ಇರುವ ಬೆರಳಿನಿಂದ ನೋಡಬೇಕು. ಕುತ್ತಿಗೆ ಮಟ್ಟದ ಪೆಟ್ಟಾದವರಿಗೆ ಈ ಕೆಲಸ ಜೊತೆಗಿರುವವರದು.

ಹೀಗೆ ಆರೆಂಟು ಗಂಟೆ ಕೂರಲು ಆಗುವ ಹೊತ್ತಿಗೆ ಜಾಗ ಬದಲಿಸುವ ಕಲೆಯೂ ಬಂದಿರಬೇಕು: ಹಾಸಿಗೆಯಿಂದ ಗಾಲಿಗೆ, ಗಾಲಿಯಿಂದ ಕಮೋಡಿಗೆ, ಕಾರಿನ ಸೀಟಿಗೆ, ಮತ್ತು ಬಿದ್ದರೆ ನೆಲದಿಂದ ಮೇಲಕ್ಕೆ. ಕೊನೆಯದನ್ನು ಹೆಚ್ಚಿನವರು ಕಲಿಯುವುದೇ ಇಲ್ಲ. ಪರಊರಿನಲ್ಲಿ ಮೊದಲು ಬೇಕಾಗುವುದು ಅದೇ. ಮುಂದಿನ ಚಿಕ್ಕ ಗಾಲಿಗಳನ್ನು ಎತ್ತಿ ಹಿಂದಿನ ಎರಡು ಗಾಲಿಯ ಮೇಲೆ ನಿಲ್ಲುವ ವೀಲಿಯನ್ನೂ ಕಲಿಯಿರಿ, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು. ಅದು ಬಂದರೆ ನಾಲ್ಕಿಂಚು ಮೆಟ್ಟಿಲು, ಮಣ್ಣಿನ ದಾರಿ, ಕಲ್ಲುಹಾಸು ಮೂರೂ ಸಲೀಸು. ಬೆಂಗಳೂರಿನಲ್ಲಿ ಇವನ್ನೆಲ್ಲ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ, ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಲ್ಲಿ ಕೇಳಿ ಕಲಿಯಬಹುದು. ಆಮೇಲೆ ಅರ್ಧ ದಿನದ ಸುತ್ತಾಟ, ಒಂದು ರಾತ್ರಿಯ ವಾಸ, ಆರು ಗಂಟೆಯ ರೈಲು, ಒಂದು ಗಂಟೆಯ ವಿಮಾನ, ಹೀಗೆ ಹೆಚ್ಚಿಸುತ್ತ ಹೋಗಿ. ನೇರವಾಗಿ ಅಮೆರಿಕದ ಮಗನ ಮನೆಗೆ ಟಿಕೆಟ್ ತೆಗೆಯುವುದು ತಪ್ಪು ಹೆಜ್ಜೆ. ಪೆಟ್ಟಾದ ಮೊದಲ ಮೂರು ತಿಂಗಳು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಅತಿ ಹೆಚ್ಚು. ಆ ಅವಧಿಯಲ್ಲಿ ಉದ್ದದ ಪ್ರಯಾಣ ಬೇಡ.

ಕೂರುವ ಜಾಗ

ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಒತ್ತಡ ಬಿಡಿಸಬೇಕು ಎಂದು ಎಲ್ಲರಿಗೂ ಹೇಳಿಕಳಿಸುತ್ತಾರೆ. ಎಷ್ಟು ಹೊತ್ತು ಎಂಬುದನ್ನು ಹೇಳುವವರು ಕಡಿಮೆ. ಕೈಯೂರಿ ಹತ್ತು ಸೆಕೆಂಡು ಮೈ ಎತ್ತಿದರೆ ಸಾಲದು; ಅದುಮಿದ ಚರ್ಮಕ್ಕೆ ರಕ್ತ ಪೂರ್ತಿ ಮರಳಲು ಎರಡು ನಿಮಿಷದಷ್ಟಾದರೂ ಬೇಕು. ಎರಡು ನಿಮಿಷ ಕೈಯೂರಿ ನಿಂತರೆ ಭುಜ ಹಾಳು. ಹಾಗಾಗಿ ಎದೆಯನ್ನು ತೊಡೆಯ ಕಡೆ ತಂದು ಮುಂದಕ್ಕೆ ಬಾಗಿ, ಇಲ್ಲವೇ ಒಂದು ಬದಿಗೆ ಎರಡು ನಿಮಿಷ, ಇನ್ನೊಂದು ಬದಿಗೆ ಎರಡು ನಿಮಿಷ ವಾಲಿ. ವಿಮಾನದಲ್ಲಿ ಮುಂದಿನ ಸೀಟು ಅಡ್ಡ ಬರುತ್ತದೆ. ಊಟದ ಹಲಗೆ ತೆರೆದು ಅದರ ಮೇಲೆ ದಿಂಬಿಟ್ಟು ಬಾಗಿದರೆ ಸಾಕಷ್ಟು ಭಾರ ಇಳಿಯುತ್ತದೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ನಿದ್ದೆ ಬಂದರೆ ಎಬ್ಬಿಸಲು ಜೊತೆಯವರಿಗೆ ಹೇಳಿ.

ವಿಮಾನದ ಸೀಟಿನ ಮೇಲೂ ನಿಮ್ಮ ಕುಶನ್ ಹಾಕಿಕೊಂಡೇ ಕೂರಿ. ಜೆಲ್ ಅಥವಾ ಫೋಮ್ ಕುಶನ್ನಿಗೆ ತೊಂದರೆಯಿಲ್ಲ. ಗಾಳಿಯ ಕುಶನ್ ಆದರೆ ಎಚ್ಚರ ಬೇಕು: ಹಾರುವ ವಿಮಾನದೊಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುವುದರಿಂದ ಕುಶನ್ನಿನೊಳಗಿನ ಗಾಳಿ ಹಿಗ್ಗಿ ಅದು ಕಲ್ಲಿನಂತಾಗುತ್ತದೆ. ಮೇಲೇರಿದ ಮೇಲೆ ವಾಲ್ವ್ ತಿರುಗಿಸಿ ಸ್ವಲ್ಪ ಗಾಳಿ ಬಿಡಿ. ಕೆಳಗಿಳಿದಾಗ ಅದೇ ಕುಶನ್ ಸೊರಗಿ ಮೂಳೆ ತಳಕ್ಕೆ ತಾಗುತ್ತದೆ. ಹಾಗಾಗಿ ಕೈಪಂಪು ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ಗಾಳಿ ಸರಿಯಿದೆಯೇ ಎಂದು ನೋಡಲು ಕೂತಾಗ ಕುಶನ್ನಿನೊಳಗೆ ಕೈ ಹಾಕಿ: ಮೂಳೆಗೂ ತಳಕ್ಕೂ ನಡುವೆ ಅರ್ಧ ಇಂಚಿನಿಂದ ಒಂದು ಇಂಚು ಇರಬೇಕು.

ಸ್ವಾಧೀನವಿಲ್ಲದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ತೊಡೆಯ ಮೇಲಿನ ಲ್ಯಾಪ್‌ಟಾಪ್, ಬಿಸಿ ಕಾಫಿ ಲೋಟ, ಕಾರಿನ ಎಂಜಿನ್ ಪಕ್ಕದ ನೆಲ, ಬಿಸಿಲಲ್ಲಿ ನಿಂತ ಗಾಲಿಯ ಲೋಹದ ಪಾದಹಲಗೆ, ಇವೆಲ್ಲ ಬೊಬ್ಬೆ ಎಬ್ಬಿಸುತ್ತವೆ. ನಮ್ಮ ಕಡೆ ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಹೋಗುವ ರೂಢಿಯಿದೆಯಲ್ಲ, ಏಪ್ರಿಲ್ ಮಧ್ಯಾಹ್ನ ಪ್ರಾಂಗಣದ ಕಲ್ಲಿಗೆ ಪಾದ ಜಾರಿ ತಾಗಿದರೂ ಸುಡುತ್ತದೆ. ದಪ್ಪ ಕಾಲುಚೀಲ ಹಾಕಿ, ಪಾದವನ್ನು ಪಟ್ಟಿಯಿಂದ ಹಲಗೆಗೆ ಕಟ್ಟಿ. ಸ್ನಾನಕ್ಕೆ ಗೀಸರ್ ನೀರನ್ನು ಮೊದಲು ಮೊಣಕೈಗೆ ಹಾಕಿ ನೋಡಿ. ಪ್ರಯಾಣದ ಶೂ ಅರ್ಧ ಸೈಜು ದೊಡ್ಡದಿರಲಿ, ಕಾಲು ಊದುತ್ತದೆ.

ಮೂತ್ರ

ಪ್ರಯಾಣಕ್ಕೆ ಹೆದರಿ ಹಿಂದಿನ ರಾತ್ರಿಯಿಂದಲೇ ನೀರು ಬಿಡುವುದು ಎಲ್ಲರೂ ಮಾಡುವ ಕೆಲಸ. ದೊಡ್ಡ ಹಾನಿಯ ಕೆಲಸವೂ ಹೌದು. ಮೂತ್ರ ಗಟ್ಟಿಯಾಗಿ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) ಕಟ್ಟಿಕೊಳ್ಳುತ್ತದೆ, ಸೋಂಕು ಹತ್ತುತ್ತದೆ, ಮಲ ಗಟ್ಟಿಯಾಗುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ನೀರು ಬಿಡುವ ಬದಲು ಹಂಚಿಕೊಳ್ಳಿ: ಒಮ್ಮೆಲೇ ಒಂದು ಬಾಟಲಿ ಕುಡಿಯದೆ ಗಂಟೆಗೆ 100ರಿಂದ 150 ಮಿ.ಲೀ. ಗುಟುಕರಿಸಿ. ಕಾಫಿ, ಚಹಾ, ಮದ್ಯ ಆ ದಿನ ಬೇಡ.

ದಿನಕ್ಕೆ ನಾಲ್ಕರಿಂದ ಆರು ಸಲ ಕ್ಯಾತಿಟರ್ ಹಾಕಿ ಮೂತ್ರ ತೆಗೆಯುವವರು ಒಂದು ಸಲಕ್ಕೆ 500 ಮಿ.ಲೀ. ಮೀರದಂತೆ ನೋಡಿಕೊಳ್ಳಬೇಕು. ಒಂದೂವರೆ ಗಂಟೆಯ ಹಾರಾಟಕ್ಕೆ ವಿಮಾನ ಹತ್ತುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ತೆಗೆದರೆ ಸಾಕು. ಉದ್ದ ಹಾರಾಟಕ್ಕೆ ಮೂರು ದಾರಿಗಳಿವೆ.

ಒಂದು, ಸೀಟಿನಲ್ಲೇ ತೆಗೆಯುವುದು. ಕ್ಯಾತಿಟರ್ ಮತ್ತು ಚೀಲ ಒಂದೇ ಆಗಿರುವ ಮುಚ್ಚಿದ ಸೆಟ್ ಸಿಗುತ್ತದೆ. ಕಿಟಕಿ ಪಕ್ಕದ ಸೀಟು, ಮೇಲೊಂದು ಹೊದಿಕೆ, ಪಕ್ಕದಲ್ಲಿ ಜೊತೆಯವರು. ಗಂಡಸರಿಗೆ ಇದು ಸಾಧ್ಯ, ಹೆಂಗಸರಿಗೆ ಬಹಳ ಕಷ್ಟ. ಎರಡು, ಒಳಗೇ ಉಳಿಯುವ ಫೋಲಿ ಕ್ಯಾತಿಟರ್ ಹಾಕಿಸಿ ಕಾಲಿಗೆ 500ರಿಂದ 750 ಮಿ.ಲೀ. ಚೀಲ ಕಟ್ಟುವುದು, ತಲುಪಿದ ಮೇಲೆ ತೆಗೆಸುವುದು. ಉದ್ದ ಪ್ರಯಾಣಕ್ಕೆ ನಮಗೆ ಹೆಚ್ಚು ಒಪ್ಪಿಗೆಯಾದದ್ದು ಇದೇ. ಹೊರಡುವ ದಿನ ಬೆಳಗ್ಗೆ ಹಾಕಿಸಬೇಡಿ, ಹಿಂದಿನ ದಿನವೇ ಹಾಕಿಸಿ. ಸರಿ ಹರಿಯುತ್ತದೆಯೇ, ಸ್ನಾಯು ಸೆಳೆತ ಹೆಚ್ಚುತ್ತದೆಯೇ, ಬದಿಯಿಂದ ಸೋರುತ್ತದೆಯೇ ಎಂದು ನೋಡಲು ಒಂದು ರಾತ್ರಿ ಬೇಕು. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಕೊಳವೆ ತೊಡೆಯ ಕೆಳಗೆ ಮಡಚದಿರಲಿ, ಮುಕ್ಕಾಲು ತುಂಬುವ ಮೊದಲೇ ಅಗಲ ಬಾಯಿಯ ಮುಚ್ಚಳದ ಬಾಟಲಿಗೆ ಖಾಲಿ ಮಾಡಿ. ಮೂರು, ಗಂಡಸರಿಗೆ ಕಾಂಡೋಮ್ ಕ್ಯಾತಿಟರ್. ಮೂತ್ರಕೋಶ ತಾನಾಗಿ ಖಾಲಿಯಾಗುವವರಿಗೆ ಮಾತ್ರ ಇದು ಸರಿ. ಅಳತೆ ತಪ್ಪಿದರೆ ಬಿಗಿಯಾಗಿ ಚರ್ಮ ಕೊಯ್ಯುತ್ತದೆ, ಸಡಿಲವಾಗಿ ಕಳಚುತ್ತದೆ. ಮನೆಯಲ್ಲಿ ಒಂದಿಡೀ ದಿನ ಹಾಕಿ ನೋಡಿದ ಅಳತೆಯನ್ನೇ ಕೊಳ್ಳಿ.

ಯಾರೂ ಮೊದಲೇ ಹೇಳದ ಒಂದು ವಿಷಯ: ದಿನವಿಡೀ ಕೂತಾಗ ಕಾಲಿನಲ್ಲಿ ತುಂಬಿಕೊಂಡ ನೀರು ಮಲಗಿದ ಕೂಡಲೇ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ತಲುಪಿದ ಮೊದಲ ರಾತ್ರಿ ನೀವು ಕುಡಿದದ್ದಕ್ಕಿಂತ ಹೆಚ್ಚು ಬರುತ್ತದೆ. ಆ ರಾತ್ರಿ ಎರಡು ಗಂಟೆ ಹೊತ್ತಿಗೆ ಒಂದು ಅಲಾರಂ ಇಟ್ಟು ಒಂದು ಸಲ ಹೆಚ್ಚು ತೆಗೆಯಿರಿ, ಅಥವಾ ಎರಡು ಲೀಟರಿನ ರಾತ್ರಿ ಚೀಲ ಜೋಡಿಸಿ.

ಲೆಕ್ಕ ಹೀಗೆ: ಹತ್ತು ದಿನ, ದಿನಕ್ಕೆ ಐದು, ಒಟ್ಟು 50 ಕ್ಯಾತಿಟರ್. ಅದರರ್ಧ ಹೆಚ್ಚುವರಿ ಸೇರಿ 75. ಇದರಲ್ಲಿ ಅರ್ಧ ಕೈಚೀಲದಲ್ಲಿ, ಅರ್ಧ ಸೂಟ್‌ಕೇಸಿನಲ್ಲಿ. ಮನೆಯಲ್ಲಿ ತೊಳೆದು ಮತ್ತೆ ಬಳಸುವವರೂ ಪ್ರಯಾಣದಲ್ಲಿ ಒಂದು ಸಲಕ್ಕೆ ಒಂದು ಎಂದೇ ಇಟ್ಟುಕೊಳ್ಳಿ, ದಾರಿಯ ನೀರನ್ನು ನಂಬುವ ಹಾಗಿಲ್ಲ. ಮೂತ್ರ ಕದಡಿ, ವಾಸನೆ ಬಂದು, ಜೊತೆಗೆ ಜ್ವರ ಅಥವಾ ಹೊಸದಾಗಿ ಸೆಳೆತ ಹೆಚ್ಚಿದರೆ ಸೋಂಕಿನ ಗುರುತು. ಆಗ ಯಾವ ಔಷಧಿ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಮಲ

ಇದರ ಬಗ್ಗೆ ಮಾತಾಡಲು ಮನೆಯಲ್ಲೂ ಸಂಕೋಚ. ಆದರೆ ಪ್ರಯಾಣ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಇದಕ್ಕೇ. ದೇಹಕ್ಕೆ ಒಂದು ಹೊತ್ತು ಗೊತ್ತಿರಬೇಕು. ಊಟವಾದ 20ರಿಂದ 30 ನಿಮಿಷಕ್ಕೆ ಕರುಳು ತಾನೇ ಚಲಿಸುತ್ತದೆ, ಆ ಹೊತ್ತನ್ನು ಹಿಡಿದು ಗುದದ್ವಾರದೊಳಗೆ ಇಡುವ ಬಿಸಾಕೊಡಿಲ್ ಸಪಾಸಿಟರಿಯನ್ನೋ, ಗ್ಲೌಸ್ ಹಾಕಿ ಜೆಲ್ ಸವರಿದ ಬೆರಳಿನ ಪ್ರಚೋದನೆಯನ್ನೋ ಬಳಸುವುದು ವಾಡಿಕೆ. ಬೆನ್ನುಹುರಿಯ ತೀರ ಕೆಳಭಾಗದ ಪೆಟ್ಟಿನಲ್ಲಿ ಈ ಪ್ರತಿಕ್ರಿಯೆಯೇ ಇರುವುದಿಲ್ಲ. ಅವರು ಬೆರಳಿನಿಂದ ತೆಗೆಯಬೇಕಾಗುತ್ತದೆ, ಮಲ ಸ್ವಲ್ಪ ಗಟ್ಟಿಯಿದ್ದರೆ ಅವರಿಗೆ ಒಳ್ಳೆಯದು. ನಿಮ್ಮದು ಯಾವ ಬಗೆ ಎಂದು ತಿಳಿಯದೆ ಬೇರೆಯವರ ಕ್ರಮವನ್ನು ಅನುಸರಿಸಬೇಡಿ.

ಒಂದು ದಿನ ಬಿಟ್ಟು ಒಂದು ದಿನ ಮಾಡುವವರು ಬಿಡುವಿನ ದಿನವೇ ವಿಮಾನ ಹಿಡಿಯಿರಿ, ಹಿಂದಿನ ಸಂಜೆ ಪೂರ್ತಿ ಮುಗಿಸಿ. ಪ್ರಯಾಣದ ವಾರ ಹೊಸ ಭೇದಿ ಔಷಧಿ ಪ್ರಯೋಗ ಖಂಡಿತ ಬೇಡ. ಅಮೆರಿಕಕ್ಕೆ ಹೋದಾಗ ಹಗಲು ರಾತ್ರಿ ಅದಲುಬದಲಾಗುತ್ತದೆ. ಮೊದಲ ಎರಡು ದಿನ ಬೆಂಗಳೂರಿನ ಗಡಿಯಾರದಂತೆ ಗಂಟೆ ಲೆಕ್ಕ ಹಾಕಿ, ಆಮೇಲೆ ನಿಧಾನವಾಗಿ ಅಲ್ಲಿನ ಹೊತ್ತಿಗೆ ಸರಿಸಿ. ಸಪಾಸಿಟರಿ ನಮ್ಮ ಬೇಸಿಗೆಯ ಕಾರಿನಲ್ಲಿ ಕರಗಿ ಹೋಗುತ್ತದೆ, ಫ್ಲಾಸ್ಕಿನಲ್ಲೋ ತಂಪು ಚೀಲದಲ್ಲೋ ಇಡಿ. ಹೋಟೆಲಿನ ಗಟ್ಟಿ ಕಮೋಡ್ ಸೀಟಿನ ಮೇಲೆ ಅರ್ಧ ಗಂಟೆ ಮೀರಿ ಕೂರಬೇಡಿ, ಮೇಲೆ ಮೆತ್ತನೆಯ ಸೀಟು ಹಾಕಿ. ಹುಣ್ಣು ಶುರುವಾಗುವುದು ಗಾಲಿಯಲ್ಲೇ ಎಂದುಕೊಂಡವರು ಎಷ್ಟೋ ಮಂದಿ ಕಮೋಡಿನಿಂದ ತಂದುಕೊಂಡಿದ್ದಾರೆ.

ಎದೆಯ ಆರನೇ ಮಟ್ಟ, ಅಂದರೆ ಟಿ6 ಮತ್ತು ಅದರ ಮೇಲಿನ ಪೆಟ್ಟಿನವರಿಗೆ ಇನ್ನೊಂದು ಮಾತು. ತುಂಬಿದ ಮೂತ್ರಕೋಶ, ಕಟ್ಟಿದ ಮಲ, ಬಿಗಿ ಬೆಲ್ಟು, ಒಳಗೆ ಬೆಳೆದ ಉಗುರು ಯಾವುದರಿಂದಲಾದರೂ ರಕ್ತದೊತ್ತಡ ಒಮ್ಮೆಗೇ ಏರಬಹುದು. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರು, ಪೆಟ್ಟಿನ ಕೆಳಗೆ ಚಳಿಗುಳ್ಳೆ ಇದರ ಲಕ್ಷಣ. ಇಂಥವರ ರಕ್ತದೊತ್ತಡದ ಮೇಲಿನ ಅಂಕೆ ಸಾಮಾನ್ಯವಾಗಿ 90ರಿಂದ 110 ಇರುವುದರಿಂದ 140 ಕಂಡ ಹೊಸ ವೈದ್ಯರು ಅಷ್ಟೇನಿಲ್ಲ ಎನ್ನಬಹುದು. ಎಂದಿನದಕ್ಕಿಂತ 20ರಿಂದ 40 ಏರಿದರೂ ಅದು ತುರ್ತು. ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬೆಲ್ಟು, ಶೂ, ಕಾಲುಚೀಲ, ಮೂತ್ರದ ಚೀಲದ ಪಟ್ಟಿ ಬಿಚ್ಚಿ. ಕೊಳವೆ ಮಡಚಿದೆಯೇ ನೋಡಿ, ಕ್ಯಾತಿಟರ್ ಇಲ್ಲದಿದ್ದರೆ ಹಾಕಿ, ಆಮೇಲೆ ಮಲ ನೋಡಿ, ನಡುನಡುವೆ ಒತ್ತಡ ಅಳೆಯಿರಿ. ಇಳಿಯದಿದ್ದರೆ ಆಸ್ಪತ್ರೆ. ಈ ಕೆಲವು ಸಾಲುಗಳನ್ನು ಇಂಗ್ಲಿಷ್‌ನಲ್ಲಿ, ಹೋಗುವ ದೇಶದ ಭಾಷೆಯಲ್ಲಿ ಬರೆಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಇದೇ ಮಟ್ಟದವರಿಗೆ ಪೆಟ್ಟಿನ ಕೆಳಗೆ ಬೆವರುವುದಿಲ್ಲ, ಬಿಸಿಲಲ್ಲಿ ಮೈ ಕಾಯುತ್ತಲೇ ಹೋಗುತ್ತದೆ. ನೀರು ಚಿಮುಕಿಸುವ ಬಾಟಲಿ, ಒದ್ದೆ ಟವೆಲ್ ಸದಾ ಜೊತೆಗಿರಲಿ.

ವಿಮಾನ ಮತ್ತು ಗಾಲಿ

ಟಿಕೆಟ್ ಮಾಡುವಾಗ "ವೀಲ್‌ಚೇರ್ ಬೇಕು" ಎಂದಷ್ಟೇ ಗುರುತು ಹಾಕಿದರೆ ಸಾಲದು. ವಿಮಾನ ಕಂಪನಿಗಳಿಗೆ ಮೂರು ಸಂಕೇತಗಳಿವೆ. ಡಬ್ಲ್ಯುಸಿಎಚ್‌ಆರ್ ಎಂದರೆ ದೂರ ನಡೆಯಲಾಗದವರು, ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲೂ ಆಗದು. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕರೆದೊಯ್ಯಬೇಕು. ಸ್ವಾಧೀನವಿಲ್ಲದವರಿಗೆ ಮೂರನೆಯದೇ ಬೇಕು. ಮೊದಲನೆಯದು ದಾಖಲಾಗಿದ್ದರೆ ವಿಮಾನದ ಬಾಗಿಲಲ್ಲಿ ಕಿರಿದಾದ ಐಲ್ ಚೇರ್ ಇರುವುದಿಲ್ಲ, ಏಣಿಯ ಬದಲು ಎತ್ತುವ ಆ್ಯಂಬುಲಿಫ್ಟ್ ಬಂದಿರುವುದಿಲ್ಲ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಂತೆ 48 ಗಂಟೆ ಮೊದಲು ತಿಳಿಸಬೇಕು, ಯುರೋಪಿನ 2006ರ ನಿಯಮವೂ ಅಷ್ಟೇ ಹೇಳುತ್ತದೆ. ಫೋನಿನಲ್ಲಿ ಹೇಳಿದ್ದನ್ನು ಇ-ಮೇಲ್‌ನಲ್ಲೂ ಬರೆದು ಹಾಕಿ. ಸಹಾಯ ಮಾತ್ರ ಬೇಕಾದ ಆರೋಗ್ಯವಂತ ಅಂಗವಿಕಲರಿಂದ ವೈದ್ಯಕೀಯ ಪ್ರಮಾಣಪತ್ರ ಕೇಳಬಾರದೆಂಬುದೂ ಅದೇ ಡಿಜಿಸಿಎ ನಿಯಮದಲ್ಲಿದೆ. ಕೌಂಟರಿನಲ್ಲಿ ಗೊಂದಲವಾದರೆ ತೋರಿಸಲು ಅದರ ಪ್ರತಿ ಮೊಬೈಲಿನಲ್ಲಿರಲಿ.

ಚೆಕ್-ಇನ್ ಕೌಂಟರಿನಲ್ಲೇ ನಿಮ್ಮ ಗಾಲಿಯನ್ನು ತೆಗೆದುಕೊಂಡು ಏರ್‌ಪೋರ್ಟಿನ ಗಾಲಿಗೆ ಬದಲಿಸಲು ಒತ್ತಾಯಿಸುತ್ತಾರೆ. ಒಪ್ಪಬೇಡಿ. ಆ ಗಾಲಿಗೆ ಕುಶನ್ ಇರುವುದಿಲ್ಲ, ಅದರ ಮೇಲೆ ಮೂರು ಗಂಟೆ ಕೂತರೆ ಚರ್ಮ ಹೋಗುತ್ತದೆ. ವಿಮಾನದ ಬಾಗಿಲವರೆಗೆ ನನ್ನದೇ ಗಾಲಿ, ಇಳಿದಾಗ ಬಾಗಿಲಿಗೇ ತಂದುಕೊಡಿ ಎಂದು ಹೇಳಿ ಗೇಟ್ ಟ್ಯಾಗ್ ಹಾಕಿಸಿ. ಒಪ್ಪದೇ ಇದ್ದರೆ ಕುಶನ್ನನ್ನಾದರೂ ಅವರ ಗಾಲಿಯ ಮೇಲೆ ಹಾಕಿ ಕೂರಿ.

ಐಲ್ ಚೇರಿಗೆ ಎತ್ತುವವರಿಗೆ ನೀವೇ ಹೇಳಿಕೊಡಬೇಕು. ಒಬ್ಬರು ಹಿಂದಿನಿಂದ ಕಂಕುಳಡಿ ಕೈ ತೂರಿಸಿ, ನಿಮ್ಮ ಎದೆಯ ಮೇಲೆ ಅಡ್ಡ ಇಟ್ಟ ಮುಂಗೈಗಳನ್ನು ಹಿಡಿಯಲಿ. ಇನ್ನೊಬ್ಬರು ಮೊಣಕಾಲುಗಳ ಕೆಳಗೆ. ಎಣಿಸಿ ಒಟ್ಟಿಗೆ ಎತ್ತಲಿ. ತೋಳು ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ, ಪ್ಯಾಂಟಿನ ಸೊಂಟ ಹಿಡಿದು ಎಳೆದರೆ ಚರ್ಮ ಉಜ್ಜಿ ಹೋಗುತ್ತದೆ. ಸೀಟಿನ ಕೈಹಿಡಿ ಮೇಲೇಳುವ ಸಾಲನ್ನು ಮೊದಲೇ ಕೇಳಿ ಕೊಳ್ಳಿ. ಮೊದಲ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚು, ಆದರೆ ಅಲ್ಲಿನ ಕೈಹಿಡಿ ಸಾಮಾನ್ಯವಾಗಿ ಮೇಲೇಳುವುದಿಲ್ಲ.

ಗಾಲಿ ಕೈಬಿಡುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಕುಶನ್, ಬದಿಯ ಹಲಗೆ, ಹಿಂದಕ್ಕೆ ಬೀಳದಂತೆ ತಡೆಯುವ ಚಿಕ್ಕ ಚಕ್ರ, ಕಳಚುವ ಪಾದಹಲಗೆ, ಎಲ್ಲವನ್ನೂ ಬಿಚ್ಚಿ ಚೀಲದಲ್ಲಿ ಒಳಗೆ ಒಯ್ಯಿರಿ. ಬಿಡಿಬಿಡಿಯಾಗಿ ಉಳಿದದ್ದು ಕಳೆದುಹೋಗುತ್ತದೆ. ಎಲ್ಲಿ ಹಿಡಿದು ಎತ್ತಬೇಕು ಎಂದು ಚಿತ್ರದ ಸಮೇತ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಬೆನ್ನಿಗೆ ಕಟ್ಟಿ. ಉಪಕರಣದ ಚೀಲದಲ್ಲಿ 4, 5, 6 ಮಿ.ಮೀ. ಆ್ಯಲನ್ ಕೀ, ನಿಮ್ಮ ಅಳತೆಯ ಒಂದು ಟ್ಯೂಬ್, ಜಿಪ್ ಟೈ, ಎರಡು ಬೇರಿಂಗ್. ಮುಂದಿನ ಚಿಕ್ಕ ಗಾಲಿಗೆ ಹೆಚ್ಚಾಗಿ ಹಾಕುವುದು 608 ನಂಬರಿನ ಬೇರಿಂಗ್, ಒಳಗೆ 8, ಹೊರಗೆ 22 ಮಿ.ಮೀ. ಸ್ಕೇಟಿಂಗ್ ಚಕ್ರಕ್ಕೂ ಅದೇ ಇರುವುದರಿಂದ ಯಾವ ದೇಶದಲ್ಲಾದರೂ ಸಿಗುತ್ತದೆ. ಕೀಗಳನ್ನು ಸೆಕ್ಯೂರಿಟಿಯವರು ಹಿಡಿಯಬಹುದು, ಸೂಟ್‌ಕೇಸಿನಲ್ಲೇ ಹಾಕಿ.

ಮೋಟಾರು ಜೋಡಿಸುವವರು ಬ್ಯಾಟರಿಯ ಲೆಕ್ಕ ಮೊದಲೇ ಮಾಡಿ. ವೋಲ್ಟ್ ಅನ್ನು ಆ್ಯಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. ಕಳಚಿ ಒಳಗೆ ಒಯ್ಯುವ ಲಿಥಿಯಂ ಬ್ಯಾಟರಿಗೆ ಮಿತಿ 300. ಎರಡು ಬ್ಯಾಟರಿಯ ಗಾಲಿಯಾದರೆ ತಲಾ 160. 24 ವೋಲ್ಟ್, 12 ಆ್ಯಂಪಿಯರ್-ಅವರ್ ಅಂದರೆ 288, ಪಾಸು. 36 ವೋಲ್ಟ್, 10 ಆದರೆ 360, ಬ್ಯಾಟರಿ ಏರ್‌ಪೋರ್ಟಿನಲ್ಲೇ ಉಳಿಯುತ್ತದೆ. ಗಾಲಿಯೊಳಗೇ ಭದ್ರವಾಗಿ ಕೂತಿರುವ ಬ್ಯಾಟರಿಗೆ ಈ ಮಿತಿಯಿಲ್ಲ, ಆದರೆ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ಕೊಳ್ಳುವಾಗಲೇ ಈ ಲೆಕ್ಕ ಹಾಕಿಕೊಂಡು ಕೊಂಡರೆ ಒಳ್ಳೆಯದು. ದೊಡ್ಡ ಎಲೆಕ್ಟ್ರಿಕ್ ಗಾಲಿಯ ಎತ್ತರವನ್ನೂ ತಿಳಿಸಿ, ಚಿಕ್ಕ ವಿಮಾನಗಳ ಸಾಮಾನಿನ ಬಾಗಿಲು ಮೂರಡಿಯೂ ಇರುವುದಿಲ್ಲ.

ಮುರಿದು ಬಂದರೆ ಏರ್‌ಪೋರ್ಟ್ ಬಿಡುವ ಮೊದಲೇ ಕೌಂಟರಿನಲ್ಲಿ ಸಾಮಾನಿನ ಹಾನಿಯ ಪಿಐಆರ್ ದೂರು ಬರೆಸಿ, ಪ್ರತಿ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ: ಹಾನಿಗೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು, ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ಅಂದರೆ ಸುಮಾರು ಎರಡು ಸಾವಿರ ಡಾಲರ್. ಒಳ್ಳೆಯ ಗಾಲಿಯ ಬೆಲೆ ಅದಕ್ಕಿಂತ ಹೆಚ್ಚು. ಚೆಕ್-ಇನ್‌ನಲ್ಲಿ ಗಾಲಿಯ ನಿಜ ಬೆಲೆಯನ್ನು ವಿಶೇಷ ಘೋಷಣೆಯಾಗಿ ಬರೆದುಕೊಟ್ಟರೆ ಆ ಮಿತಿ ಮೇಲೇರುತ್ತದೆ. ಇದಕ್ಕೆ ಶುಲ್ಕ ಕೇಳಬಹುದು. ಅಮೆರಿಕದೊಳಗಾದರೆ ಅಂಗವಿಕಲರ ದೂರು ಬಗೆಹರಿಸುವ ಕಂಪ್ಲೇಂಟ್ಸ್ ರೆಸಲ್ಯೂಷನ್ ಅಫಿಶಿಯಲ್ ಬೇಕು ಎಂದು ಕೇಳಿ. ಪ್ರತಿ ಕಂಪನಿಯೂ ಒಬ್ಬರನ್ನು ಒದಗಿಸಲೇಬೇಕು.

ರೈಲು, ರೂಮು, ಪರದೇಶದ ಬೀದಿ

ನಮ್ಮ ರೈಲಿನಲ್ಲಿ ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್, ಥರ್ಡ್ ಎಸಿ, ಚೇರ್ ಕಾರಿನಲ್ಲಿ 75%, ಫಸ್ಟ್ ಮತ್ತು ಸೆಕೆಂಡ್ ಎಸಿಯಲ್ಲಿ 50% ರಿಯಾಯಿತಿ, ಜೊತೆಗಾರರಿಗೂ ಅಷ್ಟೇ. ರಾಜಧಾನಿ, ಶತಾಬ್ದಿಯಲ್ಲಿ ಥರ್ಡ್ ಎಸಿ, ಚೇರ್ ಕಾರಿಗೆ 25%. ರೈಲ್ವೆ ಕೊಡುವ ದಿವ್ಯಾಂಗ ಗುರುತಿನ ಚೀಟಿ ಮಾಡಿಸಿಕೊಂಡರೆ ಆನ್‌ಲೈನಿನಲ್ಲೇ ಸಿಗುತ್ತದೆ. ರಿಯಾಯಿತಿಗಿಂತ ದೊಡ್ಡ ತೊಡಕು ಬಾಗಿಲು. ಸಾಮಾನ್ಯ ಬೋಗಿಯ ಬಾಗಿಲಲ್ಲಿ ಗಾಲಿ ತೂರುವುದಿಲ್ಲ, ಎತ್ತಿಯೇ ಹತ್ತಿಸಬೇಕು, ಶೌಚಾಲಯಕ್ಕಂತೂ ಹೋಗಲಾಗದು. ಗಾರ್ಡಿನ ಪಕ್ಕದ, ಅಂಗವಿಕಲರಿಗೆ ಜಾಗವಿರುವ ಎಸ್‌ಎಲ್‌ಆರ್‌ಡಿ ಬೋಗಿಯಲ್ಲಿ ಅಗಲ ಬಾಗಿಲಿದೆ, ಆದರೆ ಎಸಿಯಿಲ್ಲ. ವಂದೇ ಭಾರತ್ ಚೇರ್ ಕಾರಿನ ತುದಿಯ ಬೋಗಿಗಳಲ್ಲಿ ಗಾಲಿಗೆ ಜಾಗವಿದೆ. ಬೆಂಗಳೂರಿನಿಂದ ಮೊದಲ ದೂರದ ಪ್ರಯಾಣಕ್ಕೆ ನಾವು ಅದನ್ನೇ ಆರಿಸಲು ಹೇಳುತ್ತೇವೆ.

ಹೋಟೆಲಿನವರು ಫೋನಿನಲ್ಲಿ "ವೀಲ್‌ಚೇರ್ ಬರುತ್ತೆ ಸಾರ್" ಎಂದರೆ ಲಿಫ್ಟ್ ಇದೆ ಎಂದಷ್ಟೇ ಅರ್ಥ. ಬಚ್ಚಲು ಬಾಗಿಲಿಗೆ ಟೇಪು ಹಿಡಿದು ಫೋಟೋ ವಾಟ್ಸ್ಆ್ಯಪ್ ಮಾಡಿ ಎಂದು ಕೇಳಿ. ಗಾಲಿಯ ಒಟ್ಟು ಅಗಲ 24ರಿಂದ 26 ಇಂಚು. ಬಾಗಿಲಲ್ಲಿ ತೆರವು 32 ಇದ್ದರೆ ನೆಮ್ಮದಿ, 28ರಲ್ಲಿ ಹೇಗೋ ನಡೆಯುತ್ತದೆ. ನಮ್ಮ ಲಾಡ್ಜುಗಳ ಬಚ್ಚಲು ಬಾಗಿಲು ಎರಡೂಕಾಲು, ಎರಡೂವರೆ ಅಡಿ ಎಂದರೂ ಚೌಕಟ್ಟು ಕಳೆದರೆ ಉಳಿಯುವುದು ಕಡಿಮೆ. ಕದವನ್ನು ಕೀಲಿನಿಂದ ಕಳಚಿಸಿ ಪರದೆ ಕಟ್ಟಿಸಿದರೆ ಒಂದೂವರೆ ಇಂಚು ಸಿಗುತ್ತದೆ. ಮಂಚದ ಎತ್ತರ ಕುಶನ್ ಸೇರಿದ ಗಾಲಿಯ ಎತ್ತರಕ್ಕೆ, ಅಂದರೆ 20 ಇಂಚಿನ ಆಸುಪಾಸಿಗೆ ಸಮವಿರಲಿ. ಇಳಿಜಾರು ಒಂದಕ್ಕೆ ಹನ್ನೆರಡು: ಆರಿಂಚಿನ ಒಂದು ಮೆಟ್ಟಿಲಿಗೆ ಆರಡಿ ಹಲಗೆ. ಅಮೆರಿಕದಲ್ಲಿ ರೂಮು ಮಾಡುವಾಗ ಅಂಗವಿಕಲರ ರೂಮು ಎಂದಷ್ಟೇ ಹೇಳಿದರೆ ಟಬ್ ಇರುವುದನ್ನು ಕೊಟ್ಟುಬಿಡಬಹುದು, ರೋಲ್-ಇನ್ ಶವರ್ ಎಂದೇ ಕೇಳಿ.

ಮೊದಲ ವಿದೇಶ ಪ್ರಯಾಣಕ್ಕೆ ಸಿಂಗಾಪುರ ಒಳ್ಳೆಯ ಊರು: ನಾಲ್ಕೂವರೆ ಗಂಟೆಯ ಹಾರಾಟ, ಎಲ್ಲ ಮೆಟ್ರೋ ನಿಲ್ದಾಣಗಳಲ್ಲೂ ಲಿಫ್ಟ್, ಗಡಿಯಾರ ಎರಡೂವರೆ ಗಂಟೆ ಮಾತ್ರ ಮುಂದು. ಲಂಡನ್ನಿನಲ್ಲಿ ಬಸ್ಸುಗಳೂ ಕಪ್ಪು ಟ್ಯಾಕ್ಸಿಗಳೂ ಗಾಲಿ ಹತ್ತುವಂಥವೇ, ಹಳೆಯ ಸುರಂಗ ರೈಲಿನಲ್ಲಿ ಮಾತ್ರ ಮೆಟ್ಟಿಲಿಲ್ಲದ ನಿಲ್ದಾಣಗಳನ್ನು ನಕ್ಷೆಯಲ್ಲಿ ಹುಡುಕಿಕೊಳ್ಳಬೇಕು. ಜಪಾನಿನ ನಿಲ್ದಾಣಗಳಲ್ಲಿ ಸಿಬ್ಬಂದಿಯೇ ಹಲಗೆ ಹಾಕಿ ಹತ್ತಿಸಿ, ಇಳಿಯುವ ನಿಲ್ದಾಣಕ್ಕೂ ತಿಳಿಸಿರುತ್ತಾರೆ. ರೋಮ್, ಪ್ರಾಗ್‌ನಂಥ ಹಳೆಯ ಊರುಗಳ ಕಲ್ಲುಹಾಸಿನಲ್ಲಿ ನಾಲ್ಕೈದು ಇಂಚಿನ ಮುಂದಿನ ಗಾಲಿ ಸಂದಿಗೆ ಸಿಕ್ಕಿ ಮುಗ್ಗರಿಸುತ್ತದೆ, ಅದುರಾಟಕ್ಕೆ ಕಾಲಿನ ಸೆಳೆತ ಏರುತ್ತದೆ. ಪಾದಹಲಗೆಗೆ ಸಿಕ್ಕಿಸಿ ಚಿಕ್ಕ ಗಾಲಿಗಳನ್ನು ನೆಲದಿಂದ ಎತ್ತುವ ಮೂರನೇ ದೊಡ್ಡ ಗಾಲಿ ಸಿಗುತ್ತದೆ. ಅಲ್ಲಿಗೆ ಹೋಗುವವರು ಅದನ್ನು ಕೊಂಡುಕೊಳ್ಳಿ. ನಮ್ಮ ಹಂಪಿಗೂ ಕಡಲತೀರದ ದಾರಿಗಳಿಗೂ ಅದು ಉಪಯೋಗ.

ಸೆಳೆತಕ್ಕೆ ಬ್ಯಾಕ್ಲೋಫೆನ್ ತೆಗೆದುಕೊಳ್ಳುವವರು ಆ ಮಾತ್ರೆಯನ್ನು ಸೂಟ್‌ಕೇಸಿಗೆ ಯಾವತ್ತೂ ಹಾಕಬೇಡಿ. ಸೂಟ್‌ಕೇಸ್ ಎರಡು ದಿನ ತಡವಾಗಿ ಮಾತ್ರೆ ಒಮ್ಮೆಲೇ ನಿಂತರೆ ಜ್ವರ, ಫಿಟ್ಸ್, ಭ್ರಮೆ ಬರಬಹುದು. ಎರಡು ಪಟ್ಟು ಮಾತ್ರೆ ಕೈಚೀಲದಲ್ಲಿರಲಿ. ನೋವಿನ ಪ್ರೀಗ್ಯಾಬಲಿನ್ ಬ್ರಿಟನ್ನಿನಲ್ಲಿ 2019ರಿಂದ ನಿಯಂತ್ರಿತ ಔಷಧಿ. ದುಬೈ, ಅಬುಧಾಬಿಗೆ ಟ್ರಮಡಾಲ್, ಪ್ರೀಗ್ಯಾಬಲಿನ್ ಒಯ್ಯಲು ಮುಂಚಿತ ಅನುಮತಿ ಬೇಕು, ಅಲ್ಲಿ ವಿಮಾನ ಬದಲಿಸುವವರೂ ವಿಚಾರಿಸಿಕೊಳ್ಳಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆಸಿ.

ಮನೆಗೆ ಬಂದ ಮೇಲೆ ಎರಡು ದಿನ ಕೂರುವುದನ್ನು ಅರ್ಧಕ್ಕೆ ಇಳಿಸಿ, ಹೊಟ್ಟೆಯ ಮೇಲೆ ಮಲಗಿ, ಬೆಳಗ್ಗೆ ಸಂಜೆ ಚರ್ಮ ನೋಡಿ. ಒಳಗಿನ ಹುಣ್ಣು ಹೊರಗೆ ಕಾಣಲು ಒಂದೆರಡು ದಿನ ಹಿಡಿಯುತ್ತದೆ. ಎರಡೂ ಮೀನಖಂಡಗಳ ಸುತ್ತಳತೆ ಟೇಪಿನಲ್ಲಿ ಅಳೆಯಿರಿ. ಒಂದು ಇನ್ನೊಂದಕ್ಕಿಂತ ಊದಿದ್ದರೆ, ಬಿಸಿಯಿದ್ದರೆ ಅದೇ ದಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ನೋವು ಗೊತ್ತಾಗದ ಕಾಲಿನಲ್ಲಿ ಹೆಪ್ಪು ತಿಳಿಯುವುದು ಹೀಗೆ ಮಾತ್ರ. ಜ್ವರ, ಸೆಳೆತ ಇಲ್ಲದಿದ್ದರೆ ಸುಮ್ಮನೆ ಮೂತ್ರ ಪರೀಕ್ಷೆ ಮಾಡಿಸಿ ಆಂಟಿಬಯಾಟಿಕ್ ಶುರುಮಾಡಬೇಡಿ. ಕ್ಯಾತಿಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಮುಂದಿನ ಗಾಲಿಯ ಅಚ್ಚಿಗೆ ಸುತ್ತಿಕೊಂಡ ಕೂದಲು, ಮರಳು ತೆಗೆದು, ಬೋಲ್ಟ್‌ಗಳನ್ನು ಒಂದು ಸುತ್ತು ಬಿಗಿ ನೋಡಿ, ಮುಗಿದ ಕ್ಯಾತಿಟರ್, ಗ್ಲೌಸು, ಜೆಲ್ಲಿಗೆ ಅಂದೇ ಆರ್ಡರ್ ಹಾಕಿ.